ಡಿಸ್ಕ್ ಕೆಟ್ಟಿಲ್ಲ, ಅದು ಇದ್ದದ್ದೇ ಹಾಗೆ

ಪ್ರಶ್ನೆ: ಅಪ್ಪನ ಕೆಲಸದಿಂದಾಗಿ ನಾವು 1973ರಿಂದ 1977ರವರೆಗೆ ಇಂಗ್ಲೆಂಡಿನ ಲೆಸ್ಟರ್‌ನಲ್ಲಿದ್ದೆವು. ಶನಿವಾರ ಸಂಜೆ ಬಿಬಿಸಿಯಲ್ಲಿ ‘ಡಾಕ್ಟರ್ ಹೂ’ ಶುರುವಾದರೆ ನಾನು ಸೋಫಾ ಹಿಂದೆ ಅಡಗಿ, ಕಣ್ಣಷ್ಟೇ ಹೊರಗಿಟ್ಟು ನೋಡುತ್ತಿದ್ದೆ. ಈಚೆಗೆ ಲಂಡನ್ನಿನಲ್ಲಿರುವ ಮಗಳು ಟಾಮ್ ಬೇಕರ್ ಮೊದಲ ವರ್ಷದ ಕತೆಗಳ ಬ್ಲೂ-ರೇ ಪೆಟ್ಟಿಗೆ ತಂದುಕೊಟ್ಟಳು. ಪ್ಲೇಯರ್ ಕೂಡ ಅವಳೇ ತಂದಳು. ಆಸೆಯಿಂದ ಕೂತೆ, ನಿರಾಸೆ ಆಯಿತು. ಮನೆಯೊಳಗಿನ ದೃಶ್ಯ ಹಳೇ ದೂರದರ್ಶನದ ನಾಟಕದ ಹಾಗಿದೆ, ಹೊರಗೆ ಹೋದರೆ ಸಿನಿಮಾದ ಹಾಗಿದೆ. ಕತೆ ಎಳೆದ ಹಾಗನ್ನಿಸಿತು. ರಾಕ್ಷಸ ಬಂದಾಗ ಎಂಟು ವರ್ಷದ ಮೊಮ್ಮಗಳು ಬಿದ್ದು ಬಿದ್ದು ನಕ್ಕಳು. ದೋಷ ಡಿಸ್ಕಿನದೋ, ಟಿವಿಯದೋ, ನನ್ನ ನೆನಪಿನದೋ? ಇನ್ನೂ ಹಳೆಯ ಕಪ್ಪು-ಬಿಳುಪು ಕತೆಗಳನ್ನು ತರಿಸೋಣ ಅಂದರೆ ಅವುಗಳಲ್ಲಿ ಕೆಲವು ಕಾರ್ಟೂನಿನಲ್ಲಿವೆಯಂತೆ. ಯಾಕೆ ಹಾಗೆ?
(ಓದುಗರು, ಮೈಸೂರು)

ಉತ್ತರ: ಡಿಸ್ಕ್ ಸರಿಯಾಗಿದೆ ಮೇಡಂ. ನಿಮ್ಮ ನೆನಪೂ ಸರಿಯಾಗಿದೆ. ಟಿವಿ ಮೇಲೆ ಮಾತ್ರ ನನಗೆ ಸ್ವಲ್ಪ ಅನುಮಾನ ಇದೆ, ಅದಕ್ಕೆ ಆಮೇಲೆ ಬರುತ್ತೇನೆ.

ಈ ಸರಣಿ ಗೊತ್ತಿಲ್ಲದ ಓದುಗರಿಗೆ ಎರಡು ಮಾತು. ಡಾಕ್ಟರ್ ಅನ್ನುವವನು ಬೇರೆ ಲೋಕದಿಂದ ಬಂದವನು. ನೀಲಿ ಬಣ್ಣದ ಪೊಲೀಸ್ ಪೆಟ್ಟಿಗೆಯಂಥ (ಪೊಲೀಸರಿಗೆ ಫೋನ್ ಮಾಡಲು ಬೀದಿಯಲ್ಲಿ ಇಡುತ್ತಿದ್ದ ಗೂಡು) ಯಂತ್ರದಲ್ಲಿ ಕಾಲ, ದೇಶ ಎಲ್ಲ ಸುತ್ತುತ್ತಾನೆ. ಸಾಯುವ ಸ್ಥಿತಿಗೆ ಬಂದರೆ ಮೈ ಬದಲಾಗುತ್ತದೆ, ಅಂದರೆ ನಟ ಬದಲಾಗುತ್ತಾನೆ. ಈ ಒಂದು ಉಪಾಯದಿಂದಲೇ 1963ರ ನವೆಂಬರ್ 23ಕ್ಕೆ ಶುರುವಾದ ಸರಣಿ 1989ರವರೆಗೆ 26 ಸೀಸನ್ ಓಡಿತು. 2005ರಲ್ಲಿ ಮತ್ತೆ ಎದ್ದು ಬಂತು. ನಿಮ್ಮ ಕೈಯಲ್ಲಿರುವುದು 12ನೇ ಸೀಸನ್, ಟಾಮ್ ಬೇಕರ್ ಡಾಕ್ಟರ್ ಪಾತ್ರಕ್ಕೆ ಬಂದ ಮೊದಲ ಸೀಸನ್. ಐದು ಕತೆ, 20 ಭಾಗ. 1974ರ ಡಿಸೆಂಬರ್ 28ರಿಂದ 1975ರ ಮೇ 10ರವರೆಗೆ, ಒಂದು ಶನಿವಾರವೂ ತಪ್ಪದೆ ಬಂದದ್ದು.

ಈಗ ನಿಮ್ಮ ಒಳಗೆ-ಹೊರಗೆ ಪ್ರಶ್ನೆ. ಅದು ದೋಷ ಅಲ್ಲ. ಎರಡು ಬೇರೆ ಬೇರೆ ಯಂತ್ರಗಳ ಕೈಬರಹ ಅದು.

ಆಗ ಬಿಬಿಸಿಯಲ್ಲಿ ನಾಟಕ ಅಂದರೆ ಸ್ಟುಡಿಯೊ. ನಾಲ್ಕೈದು ಭಾರೀ ಎಲೆಕ್ಟ್ರಾನಿಕ್ ಕ್ಯಾಮೆರಾಗಳು ಒಟ್ಟಿಗೆ ಓಡುತ್ತವೆ. ಮೇಲಿನ ಗ್ಯಾಲರಿಯಲ್ಲಿ ಕೂತವರು ಈಗ ಎರಡು, ಈಗ ಮೂರು ಅಂತ ಅಲ್ಲೇ ಕ್ಯಾಮೆರಾ ಬದಲಿಸುತ್ತಾರೆ. ಚಿತ್ರ ನೇರ ವಿಡಿಯೊ ಟೇಪಿಗೆ ಹೋಗುತ್ತದೆ. ಎಲ್ಲ ಕ್ಯಾಮೆರಾಗೂ ಒಂದೇ ಬೆಳಕು ಆಗಬೇಕಾದ್ದರಿಂದ ದೀಪ ಎಲ್ಲ ಮೇಲಿಂದ, ನೆರಳು ಕಡಿಮೆ. ರಾತ್ರಿ ಹತ್ತಾದರೆ ಕೆಲಸ ಬಂದ್. ಮುಗಿಯದಿದ್ದರೆ ಓವರ್‌ಟೈಮ್ ಗಲಾಟೆ. ಹೊರಾಂಗಣಕ್ಕೆ ಆ ಗಜಗಾತ್ರದ ಕ್ಯಾಮೆರಾ ಹೊರಲು ಆಗುತ್ತಿರಲಿಲ್ಲ. ಅದಕ್ಕೆ 16 ಎಂಎಂ ಫಿಲ್ಮ್ ಕ್ಯಾಮೆರಾ ಒಂದನ್ನು ಹೆಗಲಿಗೇರಿಸಿ ಹೋಗುತ್ತಿದ್ದರು. ಒಂದೇ ಕ್ಯಾಮೆರಾ, ಒಂದೊಂದೇ ಶಾಟ್, ಪ್ರತಿ ಶಾಟಿಗೂ ಬೇರೆ ಬೆಳಕು.

ಇದರ ಮೇಲೆ ಚಲನೆಯ ಲೆಕ್ಕ. ಟಿವಿಗೆ ತೆಗೆದ ಫಿಲ್ಮ್‌ನಲ್ಲಿ ಸೆಕೆಂಡಿಗೆ 25 ಚಿತ್ರ. ವಿಡಿಯೊದಲ್ಲಿ ಪ್ರತಿ ಚಿತ್ರವನ್ನು ಎರಡು ಪಾಲು ಮಾಡಿ, ಒಮ್ಮೆ ಬೆಸ ಗೆರೆ, ಒಮ್ಮೆ ಸಮ ಗೆರೆ ಅಂತ ಸೆಕೆಂಡಿಗೆ 50 ಸಲ ಹಿಡಿಯುತ್ತಾರೆ. ಆದ್ದರಿಂದ ವಿಡಿಯೊದಲ್ಲಿ ಕೈ ಬೀಸಿದರೆ ಎದುರಿಗೇ ಬೀಸಿದಷ್ಟು ನುಣುಪು. ಕ್ರಿಕೆಟ್ ನೇರ ಪ್ರಸಾರ ನೋಡಿದ ಹಾಗೆ. ಫಿಲ್ಮ್‌ನಲ್ಲಿ ಅದೇ ಕೈ ಸ್ವಲ್ಪ ಮಸುಕಾಗಿ ಹೋಗುತ್ತದೆ, ‘ಎಂದೋ ನಡೆದದ್ದು’ ಅನ್ನುವ ಭಾವ ಬರುತ್ತದೆ. ಬಾಗಿಲು ದಾಟಿದ ಕೂಡಲೇ ಲೋಕವೇ ಬದಲಾಯಿತು ಅಂತ ನಿಮಗೆ ಅನ್ನಿಸಿದ್ದು ಇದಕ್ಕೇ. 1975ರಲ್ಲಿ ಸಣ್ಣ ಟಿವಿಯಲ್ಲಿ ಇದು ಕಣ್ಣಿಗೆ ಅಷ್ಟು ಹೊಡೆಯುತ್ತಿರಲಿಲ್ಲ. ಈಗಿನ 55 ಇಂಚಿನಲ್ಲಿ ಏನನ್ನೂ ಮುಚ್ಚಿಡುವ ಹಾಗಿಲ್ಲ.

ನನ್ನ ಮಾತು ನಂಬಬೇಡಿ, ನಿಮ್ಮ ಪೆಟ್ಟಿಗೆಯಲ್ಲೇ ಪರೀಕ್ಷೆ ಮಾಡಿ. ‘ಜೆನೆಸಿಸ್ ಆಫ್ ದ ಡಾಲೆಕ್ಸ್’ನ ಮೊದಲ ದೃಶ್ಯ ಹಾಕಿ (ಡಾಲೆಕ್ ಅಂದರೆ ಲೋಹದ ಕವಚದೊಳಗಿನ ಜೀವಿಗಳು, ಡಾಕ್ಟರನ ಶತ್ರುಗಳು). ಮಂಜಿನಲ್ಲಿ ಗ್ಯಾಸ್ ಮುಖವಾಡ ಹಾಕಿಕೊಂಡ ಸೈನಿಕರು ನಡೆದು ಬರುತ್ತಾರೆ, ಗುಂಡೇಟು ತಿಂದು ಬೀಳುತ್ತಾರೆ. ಸರೇ ಜಿಲ್ಲೆಯ ಬೆಚ್‌ವರ್ತ್ ಕಲ್ಲುಗಣಿಯಲ್ಲಿ ಫಿಲ್ಮ್ ಮೇಲೆ ತೆಗೆದದ್ದು. ಆಮೇಲೆ ಬಂಕರ್ ಒಳಗೆ ಹೋಗಿ, ವಿಡಿಯೊ. ಈಗ ಆ ಡಿಸ್ಕ್ ತೆಗೆದು ‘ದ ಸೊಂಟಾರನ್ ಎಕ್ಸ್‌ಪೆರಿಮೆಂಟ್’ ಹಾಕಿ. ಇದು ಪೂರ್ತಿ ಹೊರಾಂಗಣ, ಡಾರ್ಟ್‌ಮೂರ್ ಬಯಲು. ಆದರೂ ಎಲ್ಲೂ ಫಿಲ್ಮ್ ಇಲ್ಲ! ಕ್ರೀಡೆ ಪ್ರಸಾರಕ್ಕೆ ಬಳಸುವ ಹೊರಾಂಗಣ ವಿಡಿಯೊ ವ್ಯಾನ್ ಕೊಂಡೊಯ್ದು ಅಷ್ಟನ್ನೂ ಟೇಪಿನಲ್ಲೇ ಮುಗಿಸಿದರು. ಮೊದಲ ಕತೆ ‘ರೋಬೋ’ದಲ್ಲೂ ಹೊರಾಂಗಣ ವಿಡಿಯೊದಲ್ಲೇ ಇದೆ. ಅದಕ್ಕೆ ಕಾರಣವೂ ಇತ್ತು: ದೈತ್ಯ ರೋಬೋವನ್ನು ಬೇರೆ ಕಡೆ ತೆಗೆದು ಈ ಚಿತ್ರದೊಳಗೆ ಕೂರಿಸಬೇಕಿತ್ತು. ಎರಡೂ ವಿಡಿಯೊ ಆಗಿದ್ದರೆ ಬೆಸುಗೆ ಚೆನ್ನಾಗಿ ಕೂಡುತ್ತದೆ ಅಂತ. ಕೂಡಿತಾ ಅಂದರೆ, ಅದೇ ಕತೆಯಲ್ಲಿ ಮಿಲಿಟರಿ ಟ್ಯಾಂಕ್ ಒಂದು ಬರುತ್ತದೆ, ಅದು ಆಟದ ಸಾಮಾನು ಅಂತ ನಿಮ್ಮ ಮೊಮ್ಮಗಳು ಅರ್ಧ ಸೆಕೆಂಡಿನಲ್ಲಿ ಹೇಳಿಬಿಡುತ್ತಾಳೆ.

ಡಾರ್ಟ್‌ಮೂರ್ ಅಂದ ಮೇಲೆ ಒಂದು ಉಪಕತೆ. ಅಲ್ಲಿ ಟಾಮ್ ಬೇಕರ್ ಜಾರಿ ಬಿದ್ದು ಕೊರಳ ಎಲುಬು ಮುರಿದುಕೊಂಡರು. ಕೈಗೆ ಜೋಲಿ ಕಟ್ಟಿಕೊಂಡೇ ಉಳಿದ ಕೆಲಸ ಮುಗಿಸಿದರು. ಜೋಲಿಯನ್ನು ಮುಚ್ಚಿದ್ದು ಡಾಕ್ಟರ್ ವೇಷದ ಆ ಉದ್ದ ಸ್ಕಾರ್ಫ್ ಮತ್ತು ಕೋಟು. ಆ ಸ್ಕಾರ್ಫ್ ಅಷ್ಟುದ್ದ ಆದದ್ದೂ ಆಕಸ್ಮಿಕ. ಉಡುಪು ವಿನ್ಯಾಸಕ ಜೇಮ್ಸ್ ಆಚೆಸನ್ ಹೆಣೆಯುವವರಿಗೆ ಬಣ್ಣ ಬಣ್ಣದ ಉಲ್ಲನ್ ಜಾಸ್ತಿ ಕೊಟ್ಟಿದ್ದರು. ಅವರು ಇದ್ದದ್ದಷ್ಟನ್ನೂ ಹೆಣೆದುಬಿಟ್ಟರು!

ಇನ್ನು ಮೊಮ್ಮಗಳ ನಗು. ಅವಳು ನಕ್ಕಿದ್ದು ಯಾವುದಕ್ಕೆ ಅಂತ ನೀವು ಬರೆದಿಲ್ಲ. ‘ದಿ ಆರ್ಕ್ ಇನ್ ಸ್ಪೇಸ್’ ಇರಬೇಕು ಅಂತ ನನ್ನ ಊಹೆ. ಹೌದಾದರೆ ಅವಳ ತಪ್ಪಿಲ್ಲ. ಭೂಮಿ ಸುಟ್ಟುಹೋದ ಮೇಲೆ ಮನುಷ್ಯರನ್ನು ಬಾಹ್ಯಾಕಾಶದ ನಿಲ್ದಾಣವೊಂದರಲ್ಲಿ ಸಾವಿರಾರು ವರ್ಷ ಮಲಗಿಸಿಟ್ಟಿರುತ್ತಾರೆ. ಅವರ ನಾಯಕ ನೋವಾ. ಎದ್ದ ಮೇಲೆ ಅವನಿಗೆ ಒಂದು ಹುಳುವಿನ ಸೋಂಕು ತಗುಲಿ, ಮೈ ನಿಧಾನಕ್ಕೆ ಹುಳುವಾಗುತ್ತಾ ಹೋಗುತ್ತದೆ. ಎರಡನೇ ಭಾಗದ ಕೊನೆಯಲ್ಲಿ ಜೇಬಿನಲ್ಲಿ ಅಡಗಿಸಿದ್ದ ಕೈಯನ್ನು ಹೊರಗೆ ತೆಗೆಯುತ್ತಾನೆ. ಕೈ ಹಸಿರಾಗಿದೆ, ತುಂಬಾ ಗುಳ್ಳೆ. ಅದು ಹಸಿರು ಬಣ್ಣ ಬಳಿದ ಬಬಲ್ ರ‍್ಯಾಪ್. ಪಾರ್ಸೆಲ್ ಜೊತೆ ಬರುತ್ತದಲ್ಲ, ಮಕ್ಕಳು ಪಟ್ ಪಟ್ ಅಂತ ಒಡೆಯುತ್ತಾರಲ್ಲ, ಅದೇ. ಅಂದಿನ ಇಂಗ್ಲೆಂಡಿನ ಎಷ್ಟೋ ಮನೆಗಳಿಗೆ ಅದಿನ್ನೂ ಬಂದಿರಲಿಲ್ಲ. ಇಂದು ಆನ್‌ಲೈನ್ ಡೆಲಿವರಿಯ ಕಾಲದ ಮಗುವಿಗೆ ಅದಕ್ಕಿಂತ ಪರಿಚಿತ ವಸ್ತು ಇನ್ನೊಂದಿಲ್ಲ.

ಆದರೆ ಮುಂದಿನ ಸಲ ಅವಳಿಗೆ ಕೈ ನೋಡಬೇಡ, ಮುಖ ನೋಡು ಅನ್ನಿ. ನಟ ಕೆಂಟನ್ ಮೂರ್ ಆ ಪ್ಲಾಸ್ಟಿಕ್ಕಿನ ಕಡೆ ನೋಡುವ ನೋಟ ಇದೆಯಲ್ಲ, ಅದು ಪ್ಲಾಸ್ಟಿಕ್ ನೋಡುವ ನೋಟ ಅಲ್ಲ. ತನ್ನ ಕೈ ತನ್ನದಲ್ಲ ಅಂತ ಗೊತ್ತಾದವನ ನೋಟ. ನೋವಾ ತನ್ನನ್ನು ಕೊಂದುಬಿಡಿ ಅಂತ ಅಂಗಲಾಚುವ ಒಂದು ತುಣುಕನ್ನೂ ಚಿತ್ರೀಕರಿಸಿದ್ದರು. ಮಕ್ಕಳು ನೋಡುವ ಹೊತ್ತಿಗೆ ಇದು ಅತಿಯಾಯಿತು ಅಂತ ನಿರ್ಮಾಪಕ ಫಿಲಿಪ್ ಹಿಂಚ್‌ಕ್ಲಿಫ್ ಪ್ರಸಾರಕ್ಕೆ ಮುಂಚೆಯೇ ತೆಗೆಸಿದರು. ಅಂದರೆ ನಮಗೆ ಸಿಕ್ಕಿರುವುದು ಸೌಮ್ಯ ಮಾಡಿದ ರೂಪ! ನೀವು ಸೋಫಾ ಹಿಂದೆ ಹೋದದ್ದು ಬಬಲ್ ರ‍್ಯಾಪಿಗೆ ಹೆದರಿ ಅಲ್ಲ, ಆ ಮುಖಕ್ಕೆ ಹೆದರಿ. ನಮ್ಮ ಯಕ್ಷಗಾನದಲ್ಲಿ ಬಣ್ಣದ ವೇಷ ಅಬ್ಬರಿಸಿಕೊಂಡು ಬಂದಾಗ ಅದು ಮರದ ಕಿರೀಟ, ಹಿಟ್ಟಿನ ಚಿಟ್ಟಿ ಅಂತ ಯಾರಿಗೆ ಗೊತ್ತಿಲ್ಲ? ಆದರೂ ಮುಂದೆ ಕೂತ ಮಕ್ಕಳು ಅಜ್ಜಿಯ ಸೆರಗು ಹಿಡಿಯುವುದಿಲ್ಲವಾ? ಈ ಸರಣಿಯನ್ನು ಸಿನಿಮಾ ಅಂದುಕೊಂಡು ನೋಡಿದರೆ ಸೋಲುತ್ತದೆ. ಕ್ಯಾಮೆರಾ ಮುಂದೆ ಆಡಿದ ನಾಟಕ ಅಂದುಕೊಂಡು ನೋಡಿದರೆ ಗೆಲ್ಲುತ್ತದೆ.

ಅದೇ ಡಿಸ್ಕಿನ ಮೆನುವಿನಲ್ಲಿ ನಿಲ್ದಾಣದ ಹೊರಗಿನ ಶಾಟ್‌ಗಳಿಗೆ ಹೊಸ ಕಂಪ್ಯೂಟರ್ ಚಿತ್ರ ಹಾಕಿಕೊಳ್ಳುವ ಆಯ್ಕೆ ಇದೆ. ಚೆನ್ನಾಗೇ ಮಾಡಿದ್ದಾರೆ. ಆದರೂ ಮೊದಲ ಸಲ ಬೇಡ ಅನ್ನುತ್ತೇನೆ. ಹಳೇ ಬಟ್ಟೆಗೆ ಹೊಸ ತೇಪೆ ಹಾಕಿದರೆ ಕಣ್ಣು ತೇಪೆಯ ಮೇಲೇ ಹೋಗುತ್ತದೆ, ಪಕ್ಕದ ಬಟ್ಟೆ ಇನ್ನಷ್ಟು ಹಳತಾಗಿ ಕಾಣುತ್ತದೆ. ಮೊಮ್ಮಗಳಿಗೆ ಬೇಕೇ ಬೇಕು ಅಂದರೆ ಹಾಕಿ, ಜಗಳ ಬೇಡ.

ಕತೆ ಎಳೆದ ಹಾಗೆ ಅನ್ನಿಸಿತು ಅಂದಿರಿ. ಒಂದೇ ಕೂತಿನಲ್ಲಿ ಎಷ್ಟು ಭಾಗ ನೋಡಿದಿರಿ? ಒಂದೊಂದು ಭಾಗವೂ ಹತ್ತಿರ ಹತ್ತಿರ 25 ನಿಮಿಷ. ವಾರಕ್ಕೊಂದು ತಿನ್ನಲು ಮಾಡಿದ ತಿಂಡಿ ಅದು. ಮರೆತ ಮಕ್ಕಳಿಗೆ ನೆನಪಿಸಲು ಹೋದ ವಾರದ ಕೊನೆಯನ್ನು ಮತ್ತೆ ತೋರಿಸುತ್ತಾರೆ. ಯಾರೋ ಯಾರಿಗೋ ನಡೆದದ್ದನ್ನು ವಿವರಿಸುತ್ತಾರೆ. ಕೊನೆಗೆ ಒಂದು ಗಂಡಾಂತರ ಇಟ್ಟು ನಿಲ್ಲಿಸುತ್ತಾರೆ. ಆರು ಭಾಗವನ್ನು ಒಟ್ಟಿಗೆ ನುಂಗಿದರೆ ಇದೆಲ್ಲ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ದಿನಕ್ಕೆ ಒಂದು ಭಾಗ, ಊಟಕ್ಕೆ ಮುಂಚೆ, ಅಷ್ಟೇ. ಆಮೇಲೆ ಟಿವಿ ಆಫ್. ಮೊಮ್ಮಗಳು ಇನ್ನೊಂದು ಅಂತ ಹಟ ಮಾಡಿದರೂ ಹಾಕಬೇಡಿ. ಆ ಹಟ ಹುಟ್ಟಲಿ ಅಂತಲೇ ಅದನ್ನು ಬರೆದದ್ದು.

ಇನ್ನು ಟಿವಿ. ಮೊದಲು ಚಿತ್ರದ ಅಳತೆ ನೋಡಿ. ಈ ಸರಣಿ 4:3, ಅಂದರೆ ಹೆಚ್ಚುಕಡಿಮೆ ಚೌಕ. ಎರಡೂ ಪಕ್ಕ ಕಪ್ಪು ಪಟ್ಟಿ ಇರಬೇಕು. ಇಲ್ಲದಿದ್ದರೆ ನಿಮ್ಮ ಟಿವಿ ಚಿತ್ರವನ್ನು ಎಳೆದು ಅಗಲ ಮಾಡಿದೆ, ಟಾಮ್ ಬೇಕರ್ ಮುಖ ಹಲಸಿನ ಹಣ್ಣಾಗಿರುತ್ತದೆ. ಎರಡನೆಯದು, ಚಲನೆ ನುಣುಪು ಮಾಡುವ ಸೆಟ್ಟಿಂಗ್. ಒಂದೊಂದು ಕಂಪನಿಯಲ್ಲಿ ಒಂದೊಂದು ಹೆಸರು, ಹುಡುಕಿ ಆಫ್ ಮಾಡಿ. ಇದು ಫಿಲ್ಮ್ ಭಾಗಗಳಿಗೆ ಇಲ್ಲದ ಚಿತ್ರಗಳನ್ನು ತುರುಕಿ ಅದನ್ನೂ ವಿಡಿಯೊ ಥರ ಮಾಡುತ್ತದೆ, ಅಂಚುಗಳು ನಡುಗುತ್ತವೆ. ಮೂರನೆಯದು ಶಾರ್ಪ್‌ನೆಸ್. ಪೂರ್ತಿ ಇಳಿಸಿ. ಮೂಲ ಟೇಪಿನಲ್ಲಿ ಕಾಣುವ ಗೆರೆಗಳೇ 576. ಅದನ್ನು ಹಿಗ್ಗಿಸಿ ಬ್ಲೂ-ರೇಗೆ ತಂದಿದ್ದಾರೆ. ಇಲ್ಲದ ವಿವರವನ್ನು ಟಿವಿ ಕೆತ್ತಲು ಹೋದರೆ ಮೂಗಿನ ಸುತ್ತ ಬಿಳಿ ಗೆರೆ ಬರುತ್ತದೆ, ಅಷ್ಟೇ ಲಾಭ. ಪ್ಲೇಯರ್ ವಿಷಯದಲ್ಲಿ ನಿಮ್ಮ ಮಗಳು ಜಾಣೆ. ಬ್ಲೂ-ರೇಗೆ ಬ್ರಿಟನ್ ‘ಬಿ’ ವಲಯ, ಭಾರತ ‘ಸಿ’. ಡಿವಿಡಿಗೆ ಅವರದು 2, ನಮ್ಮದು 5. ಬೇರೆಯವರು ತರಿಸುವ ಮುಂಚೆ ಪೆಟ್ಟಿಗೆಯ ಹಿಂಬದಿ ನೋಡಿಕೊಳ್ಳಿ.

ಈಗ ನಿಮ್ಮ ಕೊನೆಯ ಪ್ರಶ್ನೆ. ಕಾರ್ಟೂನ್ ಯಾಕೆ? ಇದಕ್ಕೆ ಉತ್ತರಿಸುವಾಗ ನನ್ನದೇ ಒಂದು ತಪ್ಪು ಒಪ್ಪಿಕೊಳ್ಳಬೇಕು.

ಎಂಬತ್ತರ ದಶಕದ ಕೊನೆಯಲ್ಲಿ ನಾನು ಒಂದು ವಿಡಿಯೊ ಸ್ಟುಡಿಯೊದಲ್ಲಿ ಕೆಲಸಕ್ಕೆ ಸೇರಿದೆ. ಹೆಸರು ಬೇಡ. ಹೊಸ ಹುಡುಗನಿಗೆ ಕೊಟ್ಟ ಮೊದಲ ಕೆಲಸ, ಯು-ಮ್ಯಾಟಿಕ್ ಟೇಪುಗಳ ಹಳೇ ಲೇಬಲ್ಲನ್ನು ಬ್ಲೇಡಿನಿಂದ ಕೆರೆದು ಹೊಸ ಲೇಬಲ್ ಅಂಟಿಸುವುದು. ಟೇಪ್ ದುಬಾರಿ, ಒಂದರ ಮೇಲೆ ಒಂದು ರೆಕಾರ್ಡ್ ಮಾಡುತ್ತಿದ್ದೆವು. ಒಂದು ದಿನ ವಯಸ್ಸಾದ ಹರಿಕಥೆ ದಾಸರೊಬ್ಬರ ಎರಡು ಗಂಟೆಯ ಕಾರ್ಯಕ್ರಮದ ಮೇಲೆ ಯಾವುದೋ ಸೋಪಿನ ಪುಡಿಯ ಜಾಹೀರಾತು ಹೋಯಿತು. ಕೆರೆದದ್ದು ನನ್ನ ಕೈ. ವರ್ಷದ ನಂತರ ದಾಸರ ಮಗ ಪ್ರತಿ ಕೇಳಿಕೊಂಡು ಬಂದರು. ಆವತ್ತು ಅವರಿಗೆ ಕಾಫಿ ತರಿಸಿಕೊಟ್ಟೆ. ಬೇರೆ ಏನು ಕೊಡಲು ಇತ್ತು?

ಬಿಬಿಸಿಯಲ್ಲಿ ಆದದ್ದೂ ಇದೇ, ದೊಡ್ಡ ಪ್ರಮಾಣದಲ್ಲಿ. ಎರಡು ಇಂಚು ಅಗಲದ ಟೇಪಿಗೆ ಆಗ ಭಾರೀ ಬೆಲೆ. ನಟರ ಸಂಘದ ಒಪ್ಪಂದದ ಪ್ರಕಾರ ಹಳೆಯದನ್ನು ಬೇಕಾದಷ್ಟು ಸಲ ಮರುಪ್ರಸಾರ ಮಾಡುವ ಹಾಗೂ ಇರಲಿಲ್ಲ. ಮನೆಯಲ್ಲಿ ಕೂತು ಕ್ಯಾಸೆಟ್ ಹಾಕಿ ನೋಡುತ್ತಾರೆ ಅನ್ನುವ ಕಲ್ಪನೆಯೇ ಇಲ್ಲ. ಟೇಪ್ ಅಳಿಸಿ ಮತ್ತೆ ಬಳಸಿದರು. ಬೇರೆ ದೇಶಗಳಿಗೆ ಮಾರಲು ಟಿವಿ ಪರದೆಗೆ ಫಿಲ್ಮ್ ಕ್ಯಾಮೆರಾ ಹಿಡಿದು 16 ಎಂಎಂ ಪ್ರತಿ ಮಾಡಿಕೊಂಡಿದ್ದರು. ಮಾರಾಟದ ಅವಧಿ ಮುಗಿದ ಮೇಲೆ ಅವನ್ನೂ ಎಸೆಯುತ್ತಾ ಬಂದರು. 1978ರ ಹೊತ್ತಿಗೆ ಇದು ನಿಂತಿತು. ಮೊದಲ ಆರು ವರ್ಷದಲ್ಲಿ ಮಾಡಿದ್ದು 253 ಭಾಗ. ಅಳಿದುಳಿದ ಫಿಲ್ಮ್ ಪ್ರತಿಗಳು ಎಲ್ಲೆಲ್ಲಿಂದಲೋ ಬರುತ್ತಾ ಹೋದವು. 1991ರ ಕೊನೆಯಲ್ಲಿ ಹಾಂಗ್‌ಕಾಂಗಿನಿಂದ ‘ದ ಟೂಂಬ್ ಆಫ್ ದ ಸೈಬರ್‌ಮೆನ್’ ನಾಲ್ಕೂ ಭಾಗ ಬಂತು (ಸೈಬರ್‌ಮೆನ್ ಅಂದರೆ ಅರ್ಧ ಯಂತ್ರವಾದ ಮನುಷ್ಯರು, ಡಾಕ್ಟರನ ಇನ್ನೊಂದು ಶತ್ರುಪಡೆ). 2013ರಲ್ಲಿ ನೈಜೀರಿಯಾದಿಂದ ಒಂಬತ್ತು ಭಾಗ ಸಿಕ್ಕ ಸುದ್ದಿ ಬಂತು. ಅಷ್ಟಾದ ಮೇಲೂ ಕಾಣೆಯಾದ ಪಟ್ಟಿಯಲ್ಲಿ 97 ಉಳಿದಿದ್ದವು.

ತಮಾಷೆ ನೋಡಿ. ನಿಮ್ಮ ಪೆಟ್ಟಿಗೆಯ ಕೊನೆಯ ಕತೆ ‘ರಿವೆಂಜ್ ಆಫ್ ದ ಸೈಬರ್‌ಮೆನ್’ ಈ ಸರಣಿಯಲ್ಲಿ ಮೊಟ್ಟಮೊದಲು ಕ್ಯಾಸೆಟ್ಟಾಗಿ ಬಂದದ್ದು, 1983ರಲ್ಲಿ. ಬೆಲೆ ಸುಮಾರು 40 ಪೌಂಡ್! ನಾಲ್ಕು ಭಾಗವನ್ನು ಕತ್ತರಿಸಿ ಒಂದೇ ಸಿನಿಮಾದ ಹಾಗೆ ಅಂಟಿಸಿದ್ದರು. ಅಭಿಮಾನಿಗಳನ್ನು ಯಾವ ಕತೆ ಬೇಕು ಅಂತ ಕೇಳಿದಾಗ ಅವರು ಹೇಳಿದ್ದು ‘ಟೂಂಬ್ ಆಫ್ ದ ಸೈಬರ್‌ಮೆನ್’ ಅಂತೆ. ಅದು ಆಗ ಬಿಬಿಸಿಯ ಬಳಿ ಇರಲಿಲ್ಲ. ಸೈಬರ್‌ಮೆನ್ ಇದ್ದರೆ ಸಾಕಲ್ಲ ಅಂತ ಇದನ್ನು ಕೊಟ್ಟರು ಅನ್ನುವುದು ಪ್ರಚಲಿತ ಕತೆ. ಹಾಂಗ್‌ಕಾಂಗಿನ ಡಬ್ಬಿಗಳು ಬಂದ ಮೇಲೆ, 1992ರಲ್ಲಿ, ಕೇಳಿದ್ದು ಕೊನೆಗೂ ಸಿಕ್ಕಿತು.

ಚಿತ್ರ ಹೋದರೂ ಧ್ವನಿ ಮಾತ್ರ ಎಲ್ಲ ಭಾಗಗಳದ್ದೂ ಉಳಿದಿದೆ. ಉಳಿಸಿದ್ದು ಮಕ್ಕಳು. ಟಿವಿ ಸ್ಪೀಕರಿಗೆ ಮೈಕ್ ಹಿಡಿದು, ಅಮ್ಮ ಸುಮ್ನಿರು ಅಂತ ಗದರಿ, ಮನೆಯ ಟೇಪ್ ರೆಕಾರ್ಡರಿನಲ್ಲಿ ಹಿಡಿದವರು. ಆ ಧ್ವನಿಗೆ ಈಗ ಹೊಸದಾಗಿ ಚಿತ್ರ ಬರೆಸುತ್ತಾರೆ. ಅದೇ ನೀವು ಕೇಳಿದ ಕಾರ್ಟೂನ್. ‘ದಿ ಇನ್ವೇಷನ್’ ಕತೆಯ ಎರಡು ಭಾಗಗಳಿಂದ 2006ರಲ್ಲಿ ಶುರುವಾಯಿತು. 2016ರಲ್ಲಿ ‘ದ ಪವರ್ ಆಫ್ ದ ಡಾಲೆಕ್ಸ್’ನ ಆರೂ ಭಾಗ ಹೀಗೆ ಬಂದವು. ಇನ್ನೊಂದು ವಿಚಿತ್ರ: ಆಸ್ಟ್ರೇಲಿಯಾದ ಸೆನ್ಸಾರಿನವರು ಇದು ಮಕ್ಕಳಿಗೆ ತುಂಬಾ ಭಯಂಕರ ಅಂತ ಕತ್ತರಿಸಿ ಎತ್ತಿಟ್ಟ ತುಣುಕುಗಳು 1996ರಲ್ಲಿ ಅವರ ದಾಖಲೆ ಭಂಡಾರದಲ್ಲಿ ಸಿಕ್ಕವು. ಹಾಗಾಗಿ ಎಷ್ಟೋ ಕತೆಗಳಲ್ಲಿ ಉಳಿದ ಚಿತ್ರ ಅಂದರೆ ಕೊರಳು ಹಿಸುಕುವುದು, ಕಿರುಚುವುದು, ಇಷ್ಟೇ. ಮಿಕ್ಕದ್ದೆಲ್ಲ ಹೋಯಿತು.

ಕಾರ್ಟೂನಿನ ಬಗ್ಗೆ ನನ್ನ ಅಭಿಪ್ರಾಯ ಕೇಳಿದರೆ, ಮಗುವಿನ ಜೊತೆ ನೋಡಲು ಒಳ್ಳೆಯದು. ಒಬ್ಬರೇ ಕೂತಾಗ ನಾನು ಧ್ವನಿಗೆ ಸ್ಥಿರಚಿತ್ರ ಜೋಡಿಸಿದ್ದನ್ನೇ ನೋಡುತ್ತೇನೆ. ಜಾನ್ ಕುರಾ ಅಂತ ಒಬ್ಬ ಛಾಯಾಗ್ರಾಹಕ ಇದ್ದ. ಕಾರ್ಯಕ್ರಮ ಬರುವಾಗ ಮನೆಯ ಟಿವಿ ಪರದೆಗೆ ಕ್ಯಾಮೆರಾ ಇಟ್ಟು ಹತ್ತಾರು ಫೋಟೊ ತೆಗೆದು ನಟರಿಗೂ ನಿರ್ದೇಶಕರಿಗೂ ಮಾರುತ್ತಿದ್ದ. ಅವನ ಫೋಟೊಗಳಿಲ್ಲದಿದ್ದರೆ ಕೆಲವು ಕತೆಗಳಿಗೆ ಮುಖವೇ ಇರುತ್ತಿರಲಿಲ್ಲ.

ಇಲ್ಲಿ ನಮ್ಮ ದೇಶದ ಒಂದು ಎಳೆಯೂ ಇದೆ. ಈ ಸರಣಿಯ ಮೊಟ್ಟಮೊದಲ ಕತೆಯನ್ನು ನಿರ್ದೇಶಿಸಿದವರು ವಾರಿಸ್ ಹುಸೇನ್, ಲಖನೌನಲ್ಲಿ ಹುಟ್ಟಿದವರು. ಆಗ ಅವರಿಗೆ 24 ವರ್ಷ. ನಿರ್ಮಾಪಕಿ ವೆರಿಟಿ ಲ್ಯಾಂಬರ್ಟ್‌ಗೂ ಇನ್ನೂ 28 ತುಂಬಿರಲಿಲ್ಲ. ಕೋಟು-ಟೈ ಹಾಕಿದ ಬಿಳಿಯ ಗಂಡಸರೇ ತುಂಬಿದ್ದ ಬಿಬಿಸಿಯಲ್ಲಿ ಒಬ್ಬ ಭಾರತೀಯ, ಒಬ್ಬಳು ಹೆಂಗಸು! ಅದಾದ ಮೇಲೆ ಹುಸೇನ್ 1964ರಲ್ಲಿ ‘ಮಾರ್ಕೊ ಪೋಲೊ’ ಮಾಡಿದರು. ಏಳು ಭಾಗದಲ್ಲಿ ಆರು ಅವರದು. ಫೋಟೊಗಳಲ್ಲಿ ನೋಡಿದರೆ ಆ ಕಾಲದ ಅತಿ ಚೆಂದದ ಸೆಟ್ಟು, ಉಡುಪು. ಏಳರಲ್ಲಿ ಒಂದು ಭಾಗವೂ ಉಳಿಯಲಿಲ್ಲ. ಆದರೆ ಹುಸೇನ್ ತಾವು ಕುರಾನಿಂದ ಕೊಂಡಿದ್ದ ಫೋಟೊಗಳನ್ನು ಜೋಪಾನ ಮಾಡಿಟ್ಟಿದ್ದರು. ನಲವತ್ತು ವರ್ಷದ ನಂತರ ಅವು ಹೊರಬಂದವು. ಅವನ್ನು ಧ್ವನಿಗೆ ಜೋಡಿಸಿ ಅರ್ಧ ಗಂಟೆಯ ಸಂಕ್ಷೇಪ ಮಾಡಿ 2006ರ ‘ದ ಬಿಗಿನಿಂಗ್’ ಡಿವಿಡಿ ಪೆಟ್ಟಿಗೆಯಲ್ಲಿ ಹಾಕಿದ್ದಾರೆ. ಸಿಕ್ಕರೆ ಬಿಡಬೇಡಿ.

ಕಪ್ಪು-ಬಿಳುಪು ತರಿಸುವುದಾದರೆ ಕ್ಯಾಸೆಟ್ ಕಾಲದ ಪ್ರತಿ ಬೇಡ, ಡಿವಿಡಿಯೇ ಇರಲಿ. ಕಾರಣ ಇದು. ಪರದೆಗೆ ಕ್ಯಾಮೆರಾ ಹಿಡಿದು ಮಾಡಿದ ಪ್ರತಿಯಲ್ಲಿ ಸೆಕೆಂಡಿಗೆ 50 ಹೋಗಿ 25 ಆಗಿರುತ್ತದೆ, ವಿಡಿಯೊದ ಆ ನುಣುಪು ಸತ್ತಿರುತ್ತದೆ. ಡಿವಿಡಿಗೆ ತರುವಾಗ ನಡುವಿನ ಚಲನೆಯನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ 50ನ್ನು ವಾಪಸ್ ಕಟ್ಟಿದರು. ವಿಡ್‌ಫೈರ್ ಅಂತ ಅದರ ಹೆಸರು. ಮೊದಲು ಪೂರ್ತಿ ಕತೆಗೆ ಮಾಡಿದ್ದು 2002ರಲ್ಲಿ, ‘ದಿ ಆಜ್‌ಟೆಕ್ಸ್’ಗೆ. ನೋಡಿ, ಮಂಕು ಹಳೇ ಸಿನಿಮಾ ಇದ್ದದ್ದು ಇದ್ದಕ್ಕಿದ್ದ ಹಾಗೆ ನೇರ ಪ್ರಸಾರದ ಹಾಗೆ ಆಗುತ್ತದೆ. ಟಿವಿಯ ನುಣುಪು ಸೆಟ್ಟಿಂಗ್ ಬೇಡ ಅಂದವನು ಇದನ್ನು ಹೇಗೆ ಹೊಗಳುತ್ತಾನೆ ಅಂತ ಕೇಳಬಹುದು. ಟಿವಿ ತುರುಕುವುದು ಎಂದೂ ಇಲ್ಲದಿದ್ದ ಚಲನೆ. ಇವರು ತಂದದ್ದು ಒಂದು ಕಾಲಕ್ಕೆ ಇದ್ದು ಕಳೆದುಹೋದ ಚಲನೆ.

ಇದಕ್ಕಿಂತ ನನ್ನನ್ನು ಬೆರಗು ಮಾಡಿದ್ದು ಬಣ್ಣ ವಾಪಸ್ ಬಂದ ಕತೆ. 1970ರಿಂದ ಸರಣಿ ಬಣ್ಣದ್ದಾಯಿತು. ಆದರೆ ಬೇಕರ್‌ಗೆ ಮುಂಚಿನ ಜಾನ್ ಪರ್ಟ್ವೀ ಕಾಲದ ಕೆಲವು ಭಾಗಗಳ ಬಣ್ಣದ ಟೇಪ್ ಅಳಿಸಿ, ಕಪ್ಪು-ಬಿಳುಪು ಫಿಲ್ಮ್ ಮಾತ್ರ ಉಳಿದಿತ್ತು. ಆ ಫಿಲ್ಮನ್ನು ತೀರಾ ಹತ್ತಿರದಿಂದ ನೋಡಿದರೆ ಚಿತ್ರದ ಮೇಲೆಲ್ಲ ಪುಡಿ ಪುಡಿ ಚುಕ್ಕಿ. ಬಣ್ಣದ ಸಂಕೇತವನ್ನು ಸೋಸದೆ ಹಾಗೇ ಪರದೆಗೆ ಬಿಟ್ಟಿದ್ದರಿಂದ ಅದು ಚುಕ್ಕಿಯಾಗಿ ಫಿಲ್ಮಿನಲ್ಲಿ ಅಚ್ಚಾಗಿತ್ತು. ಅಷ್ಟು ದಿನ ಅದನ್ನು ಕೊಳೆ ಅಂದುಕೊಂಡಿದ್ದರು. ಆಮೇಲೆ ಹೊಳೆಯಿತು, ಆ ಚುಕ್ಕಿಗಳೇ ಬಣ್ಣ ಅಂತ! ಬಣ್ಣದ ಪುಡಿ ಹಾರಿಹೋದ ರಂಗೋಲಿಯ ಚುಕ್ಕಿ ನೋಡಿಯೇ ಎಲ್ಲಿ ಕೆಂಪು, ಎಲ್ಲಿ ಹಳದಿ ಅಂತ ಹೇಳಿದ ಹಾಗೆ. ಫಿಲ್ಮನ್ನು ಸೂಕ್ಷ್ಮವಾಗಿ ಸ್ಕ್ಯಾನ್ ಮಾಡಿ ಬಣ್ಣ ಬಿಡಿಸಿದರು. 2009ರ ‘ಪ್ಲಾನೆಟ್ ಆಫ್ ದ ಡಾಲೆಕ್ಸ್’ ಡಿವಿಡಿಯ ಮೂರನೇ ಭಾಗದಲ್ಲಿ ಈ ವಿಧಾನವೂ ಇದೆ, ಕೈಯಿಂದ ಬಣ್ಣ ಹಾಕಿದ್ದೂ ಸೇರಿದೆ. ನಿಮ್ಮ ಪೆಟ್ಟಿಗೆಗೆ ಈ ಕಷ್ಟ ಬರಲಿಲ್ಲ. ಟಾಮ್ ಬೇಕರ್ ಕಾಲದ್ದೆಲ್ಲ ಬಣ್ಣದ ಟೇಪಿನಲ್ಲೇ ಉಳಿದಿದೆ.

ಮುಂದೆ ಏನು ತರಿಸಲಿ ಅಂತ ಹೇಗೂ ಕೇಳುತ್ತೀರಿ. ನಿಜವಾದ ಹೈ ಡೆಫಿನಿಷನ್ ಚಿತ್ರವೇ ಬೇಕು ಅಂದರೆ 1989ರವರೆಗಿನ ಕತೆಗಳಲ್ಲಿ ಇರುವುದು ಒಂದೇ, ‘ಸ್ಪಿಯರ್‌ಹೆಡ್ ಫ್ರಮ್ ಸ್ಪೇಸ್’, 1970. ಸ್ಟುಡಿಯೊದಲ್ಲಿ ಮುಷ್ಕರ ಆಗಿ ಪೂರ್ತಿ ಫಿಲ್ಮಿನಲ್ಲೇ ತೆಗೆಯಬೇಕಾಯಿತು. ಆಗಿನ ತಲೆನೋವು ಈಗಿನ ಭಾಗ್ಯ. ನಗು ಬೇಕು ಅಂದರೆ ‘ಸಿಟಿ ಆಫ್ ಡೆತ್’, 1979, ಪ್ಯಾರಿಸ್‌ನಲ್ಲಿ ನಡೆಯುವ ಕತೆ. ‘ದ ಟ್ಯಾಲನ್ಸ್ ಆಫ್ ವೆಂಗ್-ಚಿಯಾಂಗ್’ ಅನ್ನು ಅನೇಕರು ಅತಿ ಶ್ರೇಷ್ಠ ಅನ್ನುತ್ತಾರೆ. ಬರವಣಿಗೆ ನಿಜಕ್ಕೂ ಚೆನ್ನ. ಆದರೆ ಚೀನೀ ಮಾಂತ್ರಿಕನ ಪಾತ್ರಕ್ಕೆ ಬಿಳಿಯ ನಟನ ಕಣ್ಣಿಗೆ ಮೇಕಪ್ ಮಾಡಿ ನಿಲ್ಲಿಸಿದ್ದಾರೆ, ಚೀನೀಯರ ಬಗ್ಗೆ ಮಾತುಗಳೂ ಹಗುರ. ಇಂಗ್ಲೆಂಡಿನ ಶಾಲೆಯಲ್ಲಿ ಓದಿದ ನಿಮಗೆ ಅದು ಚುಚ್ಚಬಹುದು. ಮಗುವಿಗೆ ಈಗಲೇ ಬೇಡ.

ಅದಕ್ಕೆಲ್ಲ ಮುಂಚೆ ಕೈಯಲ್ಲಿರುವ ‘ಜೆನೆಸಿಸ್’ ಅನ್ನು ದಿನಕ್ಕೊಂದರಂತೆ ಆರು ದಿನ ನೋಡಿ. ಡಾಲೆಕ್‌ಗಳು ಹುಟ್ಟುವ ಮೊದಲೇ ಅವುಗಳನ್ನು ನಾಶ ಮಾಡಲು ಡಾಕ್ಟರನನ್ನು ಕಳಿಸಿರುತ್ತಾರೆ. ಆರನೇ ಭಾಗದಲ್ಲಿ ಅವನ ಎರಡು ಕೈಯಲ್ಲಿ ಎರಡು ತಂತಿ. ತಾಗಿಸಿದರೆ ಸಾಕು, ಮೊಟ್ಟೆ-ಮರಿ ಎಲ್ಲ ಸ್ಫೋಟ. ಅವನು ತಾಗಿಸುವುದಿಲ್ಲ. ನಿಂತು, ಇಡೀ ಒಂದು ಕುಲವನ್ನು ಅಳಿಸುವ ಹಕ್ಕು ನನಗಿದೆಯಾ ಅಂತ ಕೇಳುತ್ತಾನೆ. ಅಲ್ಲಿ ಮಾಯೆ ಮಂತ್ರ ಏನಿಲ್ಲ, ಒಬ್ಬ ನಟ, ಎರಡು ವೈರ್ ತುಂಡು. ಅಲ್ಲಿ ಪಾಜ್ ಒತ್ತಿ, ತಾಗಿಸಬೇಕಾ ಬೇಡವಾ ಅಂತ ಮೊಮ್ಮಗಳನ್ನೇ ಕೇಳಿ. ಅವಳು ಏನಂದಳು ಅಂತ ನನಗೂ ಒಂದು ಸಾಲು ಬರೆದು ಹಾಕಿ.